ನಮ್ಮಿಬ್ಬರಲ್ಲಿ ಯಾರೂ ಹೇಳದ ಹೆಸರು

ಸುಮನ ಅವ್ವಾ,

ನಿನ್ನೆ ಎಲ್ಲಿಗೆ ನಿಲ್ಲಿಸಿದ್ದೆ? ಹಾಂ, ಟಿ.ವಿ. ತನಕ ಬಂದಿದ್ದೆ. ಅದೇ, ಸೋಸಲೆ ಬಸ್‌ಸ್ಟಾಪಿನ ಹೋಟೆಲಲ್ಲಿ ಇಡ್ಲಿ ಮುಂದಿಟ್ಟುಕೊಂಡು ಕೂತಿದ್ದೆ, ಲೋಕಸಭೆಗೆ ನಮ್ಮ ಪಕ್ಷದ ಟಿಕೆಟ್ ಪಟ್ಟಿ ಬಿಟ್ಟರು ಅಂತ ಪರದೆಯ ಅಡಿಯಲ್ಲಿ ಅಕ್ಷರ ಓಡೋಕೆ ಶುರುವಾಯಿತು. ಕನ್ನಡಕ ಒರೆಸಿಕೊಂಡು ನೋಡಿದೆ. ನಮ್ಮ ಕ್ಷೇತ್ರ ಬಂತು, ಅದರ ಪಕ್ಕದಲ್ಲಿ ನನ್ನದಲ್ಲ, ಇಂಜಿನಿಯರ್ ಸಾಹೇಬರ ಹೆಸರು ಬಂತು, ಹೋಯಿತು. ಇನ್ನೊಂದು ಸುತ್ತು ಬರಲಿ ಅಂತ ಕಾದೆ. ಏನಾದರೂ ತಪ್ಪಾಗಿದ್ದರೆ ಎರಡನೇ ಸುತ್ತಿಗೆ ತಿದ್ದಿರುತ್ತಾರೇನೋ ಅಂತ. ನಗಬೇಡ. ಮೂರು ಸುತ್ತು ಕಾದೆ. ಹೋಟೆಲಿನವನು ಬಂದು, "ಸಾ, ಇಡ್ಲಿ ಆರೋಯ್ತದೆ ತಿನ್ನಿ. ನಾಕ್ನೇ ಸುತ್ಗೂ ಅದೇ ಎಸ್ರೇ ಬರದು" ಅಂದ.

ಈ ಇಂಜಿನಿಯರ್ ಸಾಹೇಬರು ಯಾರು ಅಂತ ನಿನಗೆ ಗೊತ್ತಿಲ್ಲ. ನೀನು ಹೋದಮೇಲೆ ಬಂದವರು. ಬಿಳಿಗೆರೆ ಕಡೆಯವರೇ, ನಮ್ಮವರೇ. ಮೀಸಲು ಕ್ಷೇತ್ರ ಅಲ್ಲವಾ, ನಮ್ಮವರೇ ನಿಲ್ಲಬೇಕು. ಆದರೆ ಓದಿದ್ದು, ಕೆಲಸ ಮಾಡಿದ್ದು, ಮನೆ ಕಟ್ಟಿದ್ದು ಎಲ್ಲಾ ಮೈಸೂರಲ್ಲಿ. ರಿಟೈರ್ ಆಗಿ ಪಕ್ಷ ಸೇರಿ ಇನ್ನೂ ಒಂದು ಯುಗಾದಿ ಕಳೆದಿಲ್ಲ. ಒಳ್ಳೆ ಮನುಷ್ಯ ಅಲ್ಲ ಅಂತ ಹೇಳ್ತಿಲ್ಲ. ಒಳ್ಳೆಯವರೇ. ಅದೇ ನನ್ನ ಕಷ್ಟ. ಕೆಟ್ಟವರಾಗಿದ್ದರೆ ಬೈದು ಮಲಗ್ತಿದ್ದೆ. ನಾನು ಈ ಪಕ್ಷದ ಬಾವುಟ ಕಟ್ಟೋಕೆ ಶುರು ಮಾಡಿದ್ದು ನಮ್ಮ ಮದುವೆಯಾದ ವರ್ಷ. ಪೋಸ್ಟರ್ ಅಂಟಿಸೋಕೆ ಗೋಂದು ಕಾಯಿಸಿದ ಪಾತ್ರೆ ಯಾರು ತಿಕ್ಕಿದ್ದು? ನೀನೇ ತಾನೇ. ಎಲೆಕ್ಷನ್ ಬಂದರೆ ನಿಮ್ಮ ಪಕ್ಷಕ್ಕಿಂತ ಮೊದಲು ನನ್ನ ಪಾತ್ರೆ ಸೋಲ್ತದೆ ಅಂತಿದ್ದೆ.

ತಿರುಮಕೂಡಲಿನ ತಾಲ್ಲೂಕು ಕಚೇರಿ ಮುಂದಿನ ಹೊಂಗೆ ಮರದ ಕೆಳಗೆ ನನ್ನ ಮೇಜು ಇನ್ನೂ ಹಾಗೇ ಇದೆ. ಮೊದಲನೇ ದಿನ ನೀನು ಬುತ್ತಿ ತಂದುಕೊಟ್ಟು, ಅಲ್ಲೇ ನಿಂತು ನಾನು ಅರ್ಜಿ ಬರೆಯೋದನ್ನ ನೋಡಿದ್ದು ನೆನಪಿದೆಯಾ? ಯಾವುದೋ ಮುದುಕಿಯ ಪಿಂಚಣಿ ಅರ್ಜಿ. ಬರೆದು ಮುಗಿಸಿದ ಮೇಲೆ ನೀನು ಕೇಳಿದೆ: "ಇದು ಇಲ್ಲಿಂದ ಎಲ್ಗೋಯ್ತದೆ?" ಗುಮಾಸ್ತರ ಹತ್ತಿರ. ಅಲ್ಲಿಂದ? ಸಾಹೇಬರ ಹತ್ತಿರ. ಅಲ್ಲಿಂದ? ಮೈಸೂರು. ಅಲ್ಲಿಂದ? ಬೆಂಗಳೂರು, ಕೆಲವು ಡೆಲ್ಲಿ. ಡೆಲ್ಲಿಯಿಂದ? ಅವತ್ತು ತಲೆಗೆ ಹತ್ತಿದ ಹುಳ ಇದು. ಇಷ್ಟು ವರ್ಷ ಇಷ್ಟು ಜನರ ಹೆಸರು ಬರೆದು ಕಳಿಸಿದ್ದೀನಲ್ಲ, ಅದೆಲ್ಲ ಎಲ್ಲಿ ಹೋಗಿ ಕೂರುತ್ತೆ ಅಂತ ಒಂದು ಸಲ ಆ ತುದಿಯಲ್ಲಿ ಕೂತು ನೋಡಬೇಕು. ಅದಕ್ಕೇ ಎಂ.ಪಿ. ಆಗಬೇಕು ಅಂದದ್ದು. ಕಾರಿಗೆ, ಗನ್‌ಮ್ಯಾನಿಗೆ ಅಲ್ಲ. ಬೇರೆ ಯಾರಿಗೆ ಹೇಳಿದರೂ ನಗ್ತಾರೆ. ನೀನೂ ನಕ್ಕೆ, ಆದರೆ ನೀನು ನಕ್ಕದ್ದು ಬೇರೆ ಥರ…

ಟಿಕೆಟ್ಟಿಗೆ ಅರ್ಜಿ ಹಾಕಿದ ದಿನ ಹೇಳ್ತೀನಿ ಕೇಳು. ಪಕ್ಷದ ಆಫೀಸಿನಿಂದ ಫಾರಂ ತಂದು ಮೇಜಿನ ಮೇಲೆ ಹರವಿದೆ. ಅರ್ಜಿದಾರರ ಹೆಸರು ಅನ್ನೋ ಕಡೆ ಚುಕ್ಕಿ ಚುಕ್ಕಿ. ತಲೆ ತಾನಾಗಿಯೇ ಮೇಲೆದ್ದಿತು. ಎದುರಿಗೆ ನಿಂತವರನ್ನ "ಹೆಸರು ಹೇಳಿ" ಅಂತ ಕೇಳಬೇಕಲ್ಲ, ಅದು ರೂಢಿ. ಎದುರಿಗೆ ಯಾರೂ ಇಲ್ಲ. ಅರ್ಜಿದಾರ ನಾನೇ. ಎಷ್ಟೋ ಹೊತ್ತು ಪೆನ್ನು ಹಿಡಿದು ಕೂತಿದ್ದೆ. ಆಮೇಲೆ ಪಕ್ಕದ ಜೆರಾಕ್ಸ್ ಅಂಗಡಿಯವನನ್ನ ಕರೆದು ಅವನ ಕೈಲಿ ಬರೆಸಿದೆ. "ಸಾ, ಊರೋರ್ಗೆಲ್ಲ ಬರ್ದುಕೊಡೋರು ನೀವು, ನಿಮ್ದು ನಾನ್ ಬರೀಬೇಕಾ?" ಅಂದ. ಕಣ್ಣು ಮಂಜು ಅಂತ ಸುಳ್ಳು ಹೇಳಿದೆ.

ನಮ್ಮವ್ವ ಹೇಳ್ತಿದ್ದಳಲ್ಲ, ತನ್ನ ಹೆಸರನ್ನ ತಾನೇ ಹೇಳಿಕೊಂಡು ತಿರುಗೋನು ಸಂತೆ ದಲ್ಲಾಳಿ ಅಂತ. ಆಮೇಲೆ ಮೈಸೂರಿಗೆ ಕಾಲೇಜಿಗೆ ಹೋದರೆ ಅಲ್ಲಿ ಇಂಗ್ಲಿಷ್ ಮೇಷ್ಟ್ರೂ ಅದನ್ನೇ ಬರೆಸಿದರು. ಸೆಲ್ಫ್ ಪ್ರೇಯ್ಸ್ ಈಸ್ ನೋ… ರೆಕಮಂಡೇಶನ್ನೋ ರೆಪ್ರಸೆಂಟೇಶನ್ನೋ, ಕೊನೇ ಪದ ಈಗ ಸರಿಯಾಗಿ ಬರ್ತಿಲ್ಲ. ಬಿ.ಎ. ಮುಗಿಸಿದ್ದರೆ ಬರ್ತಿತ್ತೇನೋ. ಒಟ್ಟಿನಲ್ಲಿ ಅವ್ವ ಒಂದು ಕಡೆಯಿಂದ, ಮೇಷ್ಟ್ರು ಒಂದು ಕಡೆಯಿಂದ ನನ್ನ ಬಾಯಿಗೆ ಹೊಲಿಗೆ ಹಾಕಿಬಿಟ್ಟರು. ನಮ್ಮ ಹೆಸರು ಬೇರೆಯವರ ಬಾಯಲ್ಲಿ ಬರಬೇಕು, ಅದೇ ಮರ್ಯಾದೆ ಅಂತ ಇವತ್ತಿಗೂ ಮನಸ್ಸಿನ ಒಳಗೆ ಕೂತುಬಿಟ್ಟಿದೆ.

ನೀನು ಪಂಚಾಯ್ತಿಗೆ ನಿಂತ ವರ್ಷದ ಮಾತು ದಿನಕ್ಕೊಂದು ಸಲ ನೆನಪಾಗುತ್ತೆ. ಮಹಿಳಾ ಮೀಸಲು ಬಂದು, ನಾಮಪತ್ರ ಕೊಡೋಕೆ ಹೋದೆವು. ಆಫೀಸರು ಓದಿಕೊಂಡು ಬಂದ: "ಮಹದೇವಮ್ಮ ಕೋಂ… ಕೋಂ ಯಾರಮ್ಮ, ಗಂಡನ ಹೆಸರು ಹೇಳಿ." ನೀನು ನೆಲ ನೋಡಿದೆ. ಆತ ಮತ್ತೆ ಕೇಳಿದ. ನೀನು ಗಲ್ಲ ತಿರುಗಿಸಿ ನನ್ನ ಕಡೆ ತೋರಿಸಿದೆ. "ತೋರ್ಸದಲ್ಲಮ್ಮ, ಬಾಯಲ್ಲಿ ಹೇಳ್ಬೇಕು." ಅದಕ್ಕೆ ನೀನು, "ಪತ್ರದಲ್ಲಿ ಬರ್ದದಲ್ಲ ಸಾ, ಓದ್ಕಳಿ. ಓದಕ್ಕೆ ತಾನೆ ನಿಮ್ಗೆ ಸಂಬ್ಳ" ಅಂದೆ. ಕಚೇರಿಯೆಲ್ಲ ನಕ್ಕಿತು. ಆಫೀಸರೂ ನಕ್ಕ. ಗಂಡನ ಹೆಸರು ಎತ್ತಿದರೆ ಗಂಡನ ಆಯಸ್ಸು ತಗ್ಗುತ್ತೆ ಅಂತ ಅದ್ಯಾರು ನಿನಗೆ ಹೇಳಿಕೊಟ್ಟಿದ್ದರೋ. ರೇಷನ್ ಕಾರ್ಡಿಗೂ ಹೇಳಲಿಲ್ಲ, ಜನಗಣತಿಯವರಿಗೂ ಹೇಳಲಿಲ್ಲ. ಸುಮ ಹುಟ್ಟಿದಾಗ ಆಸ್ಪತ್ರೆಯಲ್ಲಿ ಪಕ್ಕದ ಮಂಚದವಳ ಕೈಲಿ ಹೇಳಿಸಿದೆ.

ಆವತ್ತು ವಾಪಸ್ ಬರುವಾಗ ಬಸ್ಸಿನಲ್ಲಿ ನೀನು ಒಂದು ಮಾತು ಅಂದೆ. ಆಗ ನಾನು ನಗೆಮಾತು ಅಂತ ಬಿಟ್ಟೆ. "ನಾನು ನಿಮ್ಮೆಸ್ರ ಯೋಳಕಿಲ್ಲ, ನೀವೂ ನಿಮ್ಮೆಸ್ರ ಯೋಳಕಿಲ್ಲ. ಇನ್ಯಾರು ಯೋಳಾರು ಸುಮನಪ್ಪಾ?"

ಯಾರು ಹೇಳ್ತಾರೆ? ಅದನ್ನೇ ಹುಡುಕಿಕೊಂಡು ಒಂದು ತಿಂಗಳು ತಿರುಗಿದೆ. ಪಕ್ಷದ ಪದ್ಧತಿ ಏನಪ್ಪಾ ಅಂದರೆ, ಡೆಲ್ಲಿಯಿಂದ ಒಬ್ಬರು ವೀಕ್ಷಕರು ಬರ್ತಾರೆ. ಪದಾಧಿಕಾರಿಗಳನ್ನೆಲ್ಲ ಒಬ್ಬೊಬ್ಬರನ್ನಾಗಿ ಒಳಗೆ ಕರೆದು, ಯಾರಿಗೆ ಟಿಕೆಟ್ ಕೊಡಬಹುದು ಅಂತ ಹೆಸರು ಕೇಳ್ತಾರೆ. ಹೆಚ್ಚು ಬಾಯಲ್ಲಿ ಬಂದ ಹೆಸರು ಮೇಲಕ್ಕೆ ಹೋಗುತ್ತೆ. ನನಗೆ ಖುಷಿ. ನಮ್ಮವ್ವ ಹೇಳಿದ ಮರ್ಯಾದೆಗೂ ಇದಕ್ಕೂ ಸರಿಹೋಯಿತಲ್ಲ. ನಂಜನಗೂಡು, ಬಿಳಿಗೆರೆ, ಸುತ್ತಮುತ್ತಲ ಹೋಬಳಿ ಒಂದೂ ಬಿಡದೆ ಹೋದೆ. ಎಲ್ಲರ ಮನೆಯಲ್ಲೂ ನಾನು ಬರೆದ ಒಂದಲ್ಲ ಒಂದು ಅರ್ಜಿಯ ನಕಲು ಇದೆ. ತಾಂಡವಪುರದ ಗುರುಸಿದ್ದ ಗೊತ್ತಲ್ಲ, ನಮ್ಮ ಸುಮನ ಮದುವೆಗೆ ಶಾಮಿಯಾನ ಹಾಕಿದವನು, ಈಗ ಪಕ್ಷದ ಹೋಬಳಿ ಕಾರ್ಯದರ್ಶಿ. ಬೋಂಡ ತಿನ್ನಿಸಿ ಹೇಳಿದ: "ಅಣ್ಣೋ, ನಿಮ್ಮೆಸ್ರು ಬುಟ್ರೆ ಇನ್ಯಾರ್ದು ಯೋಳನ? ನೀವ್ ಎಂಗ್ ಅಂತೀರೋ ಅಂಗೆ." ಈ ಕಡೇ ಮಾತು ನೆನಪಲ್ಲಿ ಇಟ್ಟುಕೋ. ನೀವು ಹೆಂಗಂತೀರೋ ಹಂಗೆ.

ವೀಕ್ಷಕರು ಬಂದ ದಿನ ನಂಜನಗೂಡಿನ ಕಲ್ಯಾಣಮಂಟಪದ ಮುಂದೆ ಮದುವೆಗಿಂತ ಹೆಚ್ಚು ಜನ. ನಾನು ನೀನು ತೆಗೆದುಕೊಟ್ಟ ಬಿಳಿ ಶರಟು ಹಾಕಿದ್ದೆ. ಅಡುಗೆ ಸಾಮಾನು ಇಡುವ ಒಂದು ಕೋಣೆಯೊಳಗೆ ಮೇಜು ಹಾಕಿ ಅವರನ್ನ ಕೂರಿಸಿದ್ದರು. ಹೊರಗೆ ಸಾಲಾಗಿ ಪ್ಲಾಸ್ಟಿಕ್ ಕುರ್ಚಿ. ನಿಂತಿದ್ದ ನನ್ನನ್ನ ನೋಡಿ ಇಂಜಿನಿಯರ್ ಸಾಹೇಬರು ಎದ್ದು ತಮ್ಮ ಕುರ್ಚಿ ಕೊಟ್ಟರು. ಅಷ್ಟೊಂದು ಜನರ ಮುಂದೆ. ಕೂರಿಸಿ, ಬಗ್ಗಿ ಮೆತ್ತಗೆ ಹೇಳಿದರು: "ಅಣ್ಣಾ, ನೀವು ಹಿರಿಯರು. ನಾನು ಒಳಗಡೆ ನಿಮ್ಮ ಹೆಸರೇ ಹೇಳ್ತೀನಿ." ನಾನು ಕೂತಲ್ಲೇ ಕೈ ಮುಗಿದೆ ಕಣೇ. ಅವರ ಕೈಯಲ್ಲಿ ಅವರದೇ ಫೋಟೋ ಹಾಕಿದ ಪುಸ್ತಕ ಇತ್ತು, ಬಣ್ಣದ್ದು, ಮಿಂಚುವ ಕಾಗದದ್ದು. ಅದು ಕಂಡಿತು. ಕಂಡೂ ನನಗೆ ಹೊಳೆಯಲಿಲ್ಲ ನೋಡು.

ಒಳಗೆ ಹೋದೆ. ವೀಕ್ಷಕರಿಗೆ ನನಗಿಂತ ಚಿಕ್ಕ ವಯಸ್ಸು. ಕನ್ನಡ ಬಾರದು. ಪಕ್ಕದಲ್ಲಿ ಭಾಷಾಂತರಕ್ಕೆ ಅಂತ ಒಬ್ಬನಿದ್ದ, ಅವನು ಫೋನ್ ನೋಡ್ತಾ ಇದ್ದ. ನನಗೂ ಒಂದು ಹುಮ್ಮಸ್ಸು, ಕಾಲೇಜಿನ ಇಂಗ್ಲಿಷು ಇಷ್ಟು ವರ್ಷದ ಮೇಲೆ ಕೆಲಸಕ್ಕೆ ಬಂತಲ್ಲ ಅಂತ. "ಹೂ ಶುಡ್ ಬಿ ದ ಕ್ಯಾಂಡಿಡೇಟ್?" ಅಂದರು. ನಾನು, "ಸರ್, ದೇರ್ ಆರ್ ಸೋ ಮೆನಿ ಏಬಲ್ ಪರ್ಸನ್ಸ್" ಅಂದೆ. "ಗಿವ್ ಮಿ ಅ ನೇಮ್." ಈಗ ನೀನೇ ಹೇಳು, ನಾನು ಏನು ಹೇಳಬೇಕಿತ್ತು? ಹೊರಗೆ ಒಬ್ಬ ಮನುಷ್ಯ ಎದ್ದು ಕುರ್ಚಿ ಕೊಟ್ಟು, ನಿನ್ನ ಹೆಸರು ಹೇಳ್ತೀನಿ ಅಂದಿದ್ದಾನೆ. ನಾನು ಒಳಗೆ ಬಂದು ಅವನನ್ನ ಬಿಟ್ಟು ನನ್ನದೇ ಹೇಳಿಕೊಳ್ಳಲಾ? "ಇಂಜಿನಿಯರ್ ಸಾಹೇಬ್ ಈಸ್ ಅ ವೆರಿ ಏಬಲ್ ಪರ್ಸನ್, ಸರ್" ಅಂದೆ. ಅಂದು, ಕಾದೆ.

ಏನು ಕಾದೆ ಅಂತೀಯಾ? ನಮ್ಮ ಕಡೆ ಯಾರಾದರೂ ಮನೆಗೆ ಬಂದರೆ, ಕಾಫಿ ಕುಡೀತೀರಾ ಅಂದರೆ, ಬೇಡ ಅಂತಾರೆ. ಬೇಡ ಅಂದರು ಅಂತ ನೀನು ಯಾವತ್ತಾದರೂ ಕಾಫಿ ಕೊಡದೆ ಕಳಿಸಿದ್ದೀಯಾ? "ಅಯ್ ಅಂಗಂದ್ರಾದದ, ಕುಡೀರಿ" ಅಂತ ಲೋಟ ಕೈಗೇ ಕೊಡ್ತಿದ್ದೆ. ಎರಡು ಸಲ ಬೇಡ ಅನ್ನಬೇಕು, ಮೂರನೇ ಸಲಕ್ಕೆ ಕುಡಿಯಬೇಕು. ನಾನು ಆ ಕೋಣೆಯಲ್ಲಿ ಬೇಡ ಅಂದು ಲೋಟಕ್ಕೆ ಕಾಯ್ತಾ ಕೂತಿದ್ದೆ. "ಅಲ್ಲಾ, ನೀವೂ ಅರ್ಜಿ ಹಾಕಿದ್ದೀರಲ್ಲ?" ಅಂತ ಕೇಳಿದ್ದರೆ ಸಾಕಿತ್ತು. ಅದಕ್ಕೆ ಕೊಡಬೇಕಾದ ಉತ್ತರ ಬಸ್ಸಿನಲ್ಲೇ ಇಂಗ್ಲಿಷಲ್ಲಿ ಜೋಡಿಸಿಕೊಂಡಿದ್ದೆ. ಇಫ್ ದ ಪಾರ್ಟಿ ಸೋ ಡಿಸೈರ್ಸ್… ಅಂತ ಶುರುವಾಗ್ತಿತ್ತು. ವೀಕ್ಷಕರು ಏನೋ ಬರೆದುಕೊಂಡರು. ತಲೆ ಎತ್ತಿ, "ವೆರಿ ಗುಡ್. ಥ್ಯಾಂಕ್ಯೂ. ನೆಕ್ಸ್ಟ್" ಅಂದರು. ಡೆಲ್ಲಿಯವರ ಮನೆಯಲ್ಲಿ ಬೇಡ ಅಂದರೆ ಬೇಡ ಅಂತಲೇ ಅರ್ಥವಂತೆ.

ಹೊರಗೆ ಬಂದಾಗ ಗುರುಸಿದ್ದ, ಅವನ ಹಿಂದೆ ನಮ್ಮ ಕಡೆಯವರೆಲ್ಲ ನಿಂತಿದ್ದರು. "ಏನಂದ್ರಣ್ಣ ಒಳ್ಗೆ?" ಅಂತ ಕೇಳಿದ. ನಾನು ಇದ್ದದ್ದು ಇದ್ದ ಹಾಗೆ, "ಇಂಜಿನಿಯರ್ ಹೆಸರು ಹೇಳಿದೆ" ಅಂದೆ. ನಕ್ಕುಕೊಂಡೇ ಅಂದೆ. ನಾನು ಎಷ್ಟು ದೊಡ್ಡ ಮನಸ್ಸಿನವನು ನೋಡಲಿ, ಒಳಗೆ ಹೋಗಿ ಇನ್ನೂ ಜೋರಾಗಿ ನನ್ನ ಹೆಸರು ಹೇಳಲಿ ಅಂತ. ಅವನು ಮಿಕ್ಕವರ ಮುಖ ನೋಡಿದ. ಅವರು ಅವನ ಮುಖ ನೋಡಿದರು. ಒಬ್ಬೊಬ್ಬರಾಗಿ ಒಳಗೆ ಹೋದರು, ಬಂದರು. ನನಗೆ ಕೈ ಮುಗಿದರು. ನಾನೂ ಮುಗಿದೆ. ಗೆದ್ದವನ ಹಾಗೆ ಬಸ್ಸು ಹತ್ತಿ ಬಂದೆ. ಬರುವ ದಾರಿಯಲ್ಲಿ ಸುಮನಿಗೆ ಅಂತ ಮೈಸೂರುಪಾಕು ಬೇರೆ ಕಟ್ಟಿಸಿದೆ.

ಪಟ್ಟಿ ಬಂದ ದಿನವೇ ಸಂಜೆ ತಾಂಡವಪುರಕ್ಕೆ ಹೋಗಿ ಗುರುಸಿದ್ದನ ಮನೆ ಬಾಗಿಲಲ್ಲಿ ನಿಂತೆ. ಕೂಗಾಡೋಕೆ ಅಂತಲೇ ಹೋದದ್ದು. ನಾನು ಬಾಯಿ ತೆರೆಯೋಕೆ ಮೊದಲೇ ಅವನು ಕೂಗಾಡಿದ. "ಏನ್ ಕೆಲ್ಸ ಮಾಡ್ಕಂಡ್ರಣ್ಣ ನೀವು? ಈಚ್ಗೆ ಬಂದು ನಕ್ಕಂಡು ಇಂಜಿನಿಯರ್ ಎಸ್ರು ಏಳ್ದಿ ಅಂದ್ರಿ. ನಾವು ಏನ್ ತಿಳ್ಕಬೇಕು? ಅಣ್ಣಾವ್ರು ಒಳ್ಗೇ ಮಾತಾಡ್ಕಂಡವ್ರೆ, ಸಿಗ್ನಲ್ ಕೊಡ್ತಾವ್ರೆ ಅಂದ್ಕಂಡು ಎಲ್ರೂ ಅದೇ ಎಸ್ರು ಏಳುದ್ವಿ. ನೀವ್ ಎಂಗ್ ಅಂತೀರೋ ಅಂಗೆ ಅಂತ ಮದ್ಲೇ ಏಳಿರ್ಲಿಲ್ವ ನಾನು?" ಜಿಲ್ಲಾ ಆಫೀಸಿನಿಂದ ಅವನಿಗೆ ಸುದ್ದಿ ಬಂದಿತ್ತಂತೆ, ನನ್ನ ಅರ್ಜಿಯ ಮೇಲೆ ಒಂದು ಸಾಲು ಬರೆದಿದ್ದಾರಂತೆ. ವಿತ್‌ಡ್ರಾನ್ ಇನ್ ಫೇವರ್ ಆಫ್. ಅಂದರೆ ನಾನಾಗಿಯೇ ಬಿಟ್ಟುಕೊಟ್ಟೆ ಅಂತ. ನಾನು ಎಲ್ಲಿ ಬಿಟ್ಟುಕೊಟ್ಟೆ? ನಾನು ಮರ್ಯಾದೆ ಮಾಡಿದೆ. ಮರ್ಯಾದೆಗೂ ಬಿಟ್ಟುಕೊಡೋದಕ್ಕೂ ಅವರ ಭಾಷೆಯಲ್ಲಿ ಒಂದೇ ಪದವಾ?

ಸುಮನಿಗೆ ಹೇಳಿದರೆ ಅವಳು ನಿನ್ನ ಮಗಳೇ. ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದು ಕಾಲು ನೀಡಿ ಕೂತು ಎಲ್ಲಾ ಕೇಳಿದಳು. "ಅಪ್ಪಾ, ನಿಮ್ಮನ್ನ ಒಳಗೆ ಕಳಿಸೋದೂ ಒಂದೇ, ಲೈಟುಕಂಬನ ಕಳಿಸೋದೂ ಒಂದೇ. ಕಂಬವಾದ್ರೆ ಎದುರಾಳಿ ಹೆಸರು ಹೇಳ್ತಿರಲಿಲ್ಲ" ಅಂದಳು. ಅಳಿಯ ಅಡುಗೆಮನೆಯಲ್ಲಿ ನಕ್ಕದ್ದು ಕೇಳಿಸಿತು. ನಾನು ಊಟ ಬೇಡ ಅಂದೆ. ಬೇಡ ಅಂದದ್ದಕ್ಕೆ ಅವಳು ಬಡಿಸಿ ತಂದಿಟ್ಟಳು. ಈ ಮನೆಯಲ್ಲಿ ಇನ್ನೂ ಅಷ್ಟು ಉಳಿದಿದೆ.

ಇವತ್ತು ಬೆಳಿಗ್ಗೆ ಆಗಿದ್ದು ಮಾತ್ರ ನಿನಗೆ ಹೇಳದೆ ಇರಕ್ಕಾಗಲ್ಲ. ಇಂಜಿನಿಯರ್ ಸಾಹೇಬರೇ ಮನೆಗೆ ಬಂದರು, ಕಾರಿನಲ್ಲಿ, ಹಣ್ಣು ಹಿಡಿದುಕೊಂಡು. ನಿನ್ನ ಫೋಟೋಗೆ ಕೈ ಮುಗಿದರು. ಕೂತರು. "ಅಣ್ಣಾ, ನಾಮಪತ್ರಕ್ಕೆ ನೀವೇ ಸೂಚಕರಾಗಿ ರುಜು ಹಾಕಬೇಕು. ನನ್ನ ಹೆಸರು ಮೊದಲು ಹೇಳಿದವರು ನೀವು. ಪೇಪರಲ್ಲೂ ಫೋಟೋ ಬರುತ್ತೆ" ಅಂದರು. ನಾನು ಕೇಳಿದೆ. ಮೂರು ದಿನದಿಂದ ಗಂಟಲಲ್ಲಿ ಇದ್ದದ್ದು: "ನೀವು ಅವತ್ತು ಒಳಗೆ ಯಾರ ಹೆಸರು ಹೇಳಿದಿರಿ?" ಅವರು ಬೇಜಾರು ಮಾಡಿಕೊಳ್ಳಲಿಲ್ಲ, ತಡವರಿಸಲೂ ಇಲ್ಲ. "ಅಣ್ಣಾ, ಇಂಟರ್ವ್ಯೂ ಅಂದಮೇಲೆ ಇಂಟರ್ವ್ಯೂ ಅಲ್ವಾ" ಅಂದರು. ಇಷ್ಟೇ. ಅವರು ಹೇಳಿದ್ದು ಸರಿ ಅಂತ ಒಳಗೆಲ್ಲೋ ಅನ್ನಿಸಿಬಿಟ್ಟಿತಲ್ಲ, ಆ ಸಿಟ್ಟು ಈಗಲೂ ಇಳಿದಿಲ್ಲ.

ಏಳುವಾಗ ಒಂದು ಕವರು ಮೇಜಿನ ಮೇಲೆ ಇಟ್ಟರು. ಖಾಲಿ ನಾಮಪತ್ರದ ಫಾರಂ, ಎರಡು ಸೆಟ್ಟು. "ನಿಮ್ಮ ಅಕ್ಷರ ಮುತ್ತಿನಂಗಿರುತ್ತೆ ಅಂತ ತಾಲ್ಲೂಕೆಲ್ಲ ಹೇಳುತ್ತೆ. ನೀವೇ ತುಂಬಿಸಿಬಿಡಿ ಅಣ್ಣ. ನಾಳೆ ಹತ್ತು ಗಂಟೆಗೆ ಕಾರು ಕಳಿಸ್ತೀನಿ" ಅಂದರು. ಬರೆಯೋಕೆ ನಾನು. ರುಜು ಹಾಕೋಕೆ ನಾನು. ಬಾವುಟ ಕಟ್ಟೋಕೆ ನಾನು, ಗೋಂದು ಕಾಯಿಸೋಕೆ… ನೋಡು, ಬೆಳಿಗ್ಗೆಯಿಂದ ಆ ಫಾರಂ ಮುಂದಿಟ್ಟುಕೊಂಡು ಕೂತಿದ್ದೀನಿ. ಬೇಡ ಅಂತ ಅವರಿಗೆ ಹೇಳಿದೆನಾ? ಹೇಳಲಿಲ್ಲ. ಕಾಫಿ ಕುಡಿಸಿ ಕಳಿಸಿದೆ.

ಊಟದ ಹೊತ್ತು ಕಳೆದ ಮೇಲೆ ಬಿಳಿಗೆರೆ ರಾಚಮ್ಮ ಬಂದಳು. ನಿನ್ನ ರಾಚಮ್ಮ, ಗಂಡ ಸತ್ತ ವರ್ಷ ಅವಳ ಪಿಂಚಣಿ ಅರ್ಜಿಯನ್ನ ನಾನು ಬರೆದರೆ, ನೀನು ಅವಳ ಜೊತೆ ಕಚೇರಿ ಕಚೇರಿ ಅಲೆದೆಯಲ್ಲ, ಅವಳೇ. ಈಗ ಪಕ್ಷದ ಮಹಿಳಾ ಘಟಕದಲ್ಲಿ ಹೋಬಳಿ ಅಧ್ಯಕ್ಷೆ. ಎರಡು ಬಸ್ಸು ಬದಲಾಯಿಸಿ ಬಂದು, ಜಗಲಿಯಲ್ಲಿ ಕೂತು ಸೆರಗಿನಿಂದ ಗಾಳಿ ಹಾಕಿಕೊಂಡಳು. "ಅಣ್ಣ, ಅವತ್ತು ಆ ರೂಮ್ನಲ್ಲಿ ನಿಮ್ಮೆಸ್ರ ಏಳ್ದೋಳು ನಾನೊಬ್ಳೆ ಕನಣ್ಣ. ಗುರುಸಿದ್ದ ಬಾಗ್ಲಲ್ಲಿ ತಡ್ದು, 'ಅಣ್ಣಾವ್ರೇ ಇಂಜಿನಿಯರ್ ಅಂದವ್ರೆ, ನೀನೂ ಅದ್ನೇ ಅನ್ನಮ್ಮಿ' ಅಂದ. ನಾನು, ಅಣ್ಣ ಏನಾದ್ರೂ ಅನ್ಲಿ, ನಾನು ಮಾತು ಕೊಟ್ಟಿರದು ಅಣ್ಣುಂಗಲ್ಲ ಅಂದಿ."

ಯಾರಿಗೆ ಕೊಟ್ಟಿದ್ದೆ ಮಾತು ಅಂತ ಕೇಳಿದೆ.

"ಅಕ್ಕುಂಗೆ."

ಮೈಸೂರಿನ ಆಸ್ಪತ್ರೆಯಲ್ಲಿ ನಿನ್ನ ಕೊನೇ ವಾರ. ನಾನು ಎಳನೀರು ತರೋಕೆ ಕೆಳಗೆ ಹೋಗಿದ್ದೆನಂತೆ. ನೀನು ರಾಚಮ್ಮನ ಕೈ ಹಿಡಿದು, ಕಿವಿ ಹತ್ತಿರ ತಾ ಅಂದೆಯಂತೆ. ಆ ಮನುಷ್ಯ ಟಿಕೆಟ್ಟು ಟಿಕೆಟ್ಟು ಅಂತ ಒಂದು ದಿನ ಹೋಗಿ ನಿಲ್ಲುತ್ತೆ, ನಿಂತು ಬಾಯಿ ಬಿಡಲ್ಲ, ನೀನು ಹೇಳು ಅಂದೆಯಂತೆ. ಅಂದು… "ಎಸ್ರ ಏಳುದ್ಲು ಕನಣ್ಣ. ಪೂರ್ತಿಯಾಗಿ. ನಿಮ್ಮಪ್ಪಾಜಿ ಎಸ್ರೂ ಸೇರ್ಸಿ. 'ಮರ್ತ್‌ಗಿರ್ತೀಯೆ, ಇನ್ನೊಂದ್ ಕಿತ ನಿನ್ ಬಾಯಲ್ಲಿ ಏಳು' ಅಂತ ನನ್ ಕೈಲೂ ಏಳುಸುದ್ಲು. ನಂಗೆ ನಗ ಬಂತು, ಅಕ್ಕ ನೀನು ಅಣ್ಣನ ಎಸ್ರ ಏಳ್ಬುಟ್ಯಲ್ಲ, ಅಣ್ಣುಂಗೆ ಆಯಸ್ಸು ಕಮ್ಮಿ ಆದದು ಅಂದಿ. ಅಕ್ಕ, 'ಬುಡು, ಅದ್ರಲ್ಲಿ ಒಸಿ ಕಮ್ಮಿಯಾದ್ರೂ ಆಗ್ಲಿ. ಒಬ್ನೇ ಬಾಳ ದಿನ ಕುಂತ್ಕಂಡು ಏನ್ ಮಾಡಾನು' ಅಂದ್ಲು."

ರಾಚಮ್ಮ ಇದನ್ನ ಹೇಳಿ ನಗ್ತಾ ಇದ್ದಳು. ನಾನು ಲೋಟ ತೊಳೆಯೋ ನೆಪದಲ್ಲಿ ಒಳಗೆ ಹೋದೆ. ಇಷ್ಟು ವರ್ಷ ಜೊತೆಯಲ್ಲಿದ್ದು ನಿನ್ನ ಬಾಯಲ್ಲಿ ನನ್ನ ಹೆಸರು ಹೇಗೆ ಕೇಳಿಸುತ್ತೆ ಅಂತ ನನಗೆ ಗೊತ್ತಿಲ್ಲ. ರಾಚಮ್ಮನಿಗೆ ಗೊತ್ತು. ಎಳನೀರಿಗೆ ಯಾಕೆ ಹೋದೆ ನಾನು? ನೀನು ಕುಡಿಯಲೂ ಇಲ್ಲ ಅದನ್ನ.

ಹೊರಗೆ ಬಂದಾಗ ರಾಚಮ್ಮ ಆ ಫಾರಂ ತಿರುವಿ ನೋಡ್ತಾ ಇದ್ದಳು. "ಇದ್ಯಾಕಣ್ಣ ಇಲ್ಲಿ ಇಷ್ಟೊಂದು ಗೆರೆ?" ಅಂದಳು. ಮೊದಲನೇ ಭಾಗ ಪಕ್ಷದ ಅಭ್ಯರ್ಥಿಗೆ, ಅದಕ್ಕೆ ಒಬ್ಬ ಸೂಚಕ ಸಾಕು. ಎರಡನೇ ಭಾಗ ಪಕ್ಷ ಇಲ್ಲದೆ ತಾನಾಗಿ ನಿಲ್ಲೋರಿಗೆ, ಅದಕ್ಕೆ ಹತ್ತು ಜನ ರುಜು ಹಾಕಬೇಕು ಅಂತ ಹೇಳಿದೆ. ಅರ್ಜಿ ಬರೆಯೋನು ಹೇಳುವ ಹಾಗೆ ಹೇಳಿದೆ, ಬೇರೆ ಏನೂ ಮನಸ್ಸಿನಲ್ಲಿ ಇಟ್ಟುಕೊಂಡು ಅಲ್ಲ. ಅವಳು ಸುಮ್ಮನೆ ನನ್ನ ಪೆನ್ನು ತೆಗೆದುಕೊಂಡು ಎರಡನೇ ಭಾಗದ ಮೊದಲನೇ ಗೆರೆಯ ಮೇಲೆ ರುಜು ಮಾಡಿದಳು. ನೀನು ಕಲಿಸಿದ ರುಜು, ರಾ ದೊಡ್ಡದು, ಮಿಕ್ಕಿದ್ದು ಇರುವೆ ಸಾಲು. "ಅಕ್ಕ ಇದ್ದಿದ್ರೆ ಇಲ್ಲಿ ಅವ್ಳೇ ಆಕ್ತಿದ್ಲು. ಮಿಕ್ಕಿದ್ನ ನೀವ್ ನೋಡ್ಕಳಿ. ಅಕ್ಕ ನಿಮ್ಮೆಸ್ರ ಏಳಿರದು ಇನ್ನೊಬ್ರ ಕಾಗ್ದ ತುಂಬ್ಲಿ ಅಂತಲ್ಲ" ಅಂದು ಬಸ್ಸಿಗೆ ಹೊತ್ತಾಯಿತು ಅಂತ ಹೊರಟೇ ಹೋದಳು.

ನಾಡಿದ್ದು ಕೊನೇ ದಿನ. ನಾಳೆ ಹತ್ತಕ್ಕೆ ಆ ಕಾರು ಬರುತ್ತೆ. ಗೆಲ್ಲಲ್ಲ ಅಂತ ಗೊತ್ತು, ಅದನ್ನ ನೀನೂ ಹೇಳಬೇಕಾಗಿಲ್ಲ, ಸುಮನೂ ಹೇಳಬೇಕಾಗಿಲ್ಲ. ಪಕ್ಷದಿಂದ ತೆಗೆದುಹಾಕ್ತಾರೆ. ನಾನೇ ಬಣ್ಣ ಬಳಿದ ಆಫೀಸಿನ ಬಾಗಿಲನ್ನ ನನಗೇ ಹಾಕ್ತಾರೆ. ಅದು ನೋಯುತ್ತೆ, ಸುಳ್ಳು ಯಾಕೆ ಹೇಳಲಿ? ಆದರೆ ಇಂಜಿನಿಯರ್ ಸಾಹೇಬರ ಹೆಸರನ್ನ ನನ್ನ ಮುತ್ತಿನಂಥ ಅಕ್ಷರದಲ್ಲಿ ಬರೆದು, ಕೆಳಗೆ ರುಜು ಹಾಕಿ, ಫೋಟೋಗೆ ನಕ್ಕು… ಅದು ಇನ್ನೂ ಹೆಚ್ಚು ನೋಯುತ್ತೆ ಅಂತ ಇವತ್ತು ಗೊತ್ತಾಯಿತು. ಕಾರು ಬಂದರೆ ಡ್ರೈವರಿಗೆ ಕಾಫಿ ಕೊಟ್ಟು, ಖಾಲಿ ಇರುವ ಇನ್ನೊಂದು ಸೆಟ್ಟನ್ನ ಅವನ ಕೈಲಿ ಕೊಟ್ಟು ಕಳಿಸ್ತೀನಿ. ನಾನು ಬೆಳಗಿನ ಬಸ್ಸಿಗೇ ಹೊರಟಿರಬೇಕು ಅಂದುಕೊಂಡಿದ್ದೆ, ಆದರೆ ಹೇಳದೆ ಹೋಗೋದು ಮರ್ಯಾದೆ ಅಲ್ಲ. ನೋಡು, ಮತ್ತೆ ಅದೇ ಮಾತು.

ಒಂಬತ್ತು ರುಜು ಬೇಕು. ಸುಮ ಒಂದು ಹಾಕ್ತಾಳೆ, ಬೈದುಕೊಂಡಾದರೂ. ಅಳಿಯ ಒಂದು. ಹೋಟೆಲಿನವನು ಕೇಳಿದರೆ ಹಾಕಿಯಾನು. ಗುರುಸಿದ್ದನನ್ನ ಕೇಳಬೇಕು. ಅವನು "ನೀವ್ ಎಂಗ್ ಅಂತೀರೋ ಅಂಗೆ" ಅಂದರೆ, ಈ ಸಲ ಹೆಂಗೆ ಅಂತ ಸರಿಯಾಗಿ ಹೇಳಬೇಕು.

ಅರೆ, ಸಾಲು ಮೇಲಕ್ಕೂ ಕೆಳಕ್ಕೂ ಹೋಗ್ತಾ ಇದೆ. ಬೆಳಕು ಇಳೀತಾ ಇದೆ ಅಂತ ಈಗ ಗಮನಕ್ಕೆ ಬಂತು. ಎದುರು ಮನೆ ಗೋಡೆ ಆಗಲೇ ಬೂದಿ ಬಣ್ಣ. ಜಗಲಿ ದೀಪ ಹಾಕಿದರೆ ಹುಳ ಮುತ್ತುತ್ತವೆ. ಸುಮ ಬರೋ ಹೊತ್ತು. ಫಾರಂನಲ್ಲಿ ಒಂದು ಜಾಗ ಮಾತ್ರ ಕಾಣುವಷ್ಟು ಬೆಳಕಿದೆ, ಅಷ್ಟನ್ನ ಮುಗಿಸಿ ಏಳ್ತೀನಿ. ಜೆರಾಕ್ಸ್ ಅಂಗಡಿಯವನನ್ನ ಕರೆಯಲ್ಲ. ಬಾಯಿಬಿಟ್ಟು ಹೇಳಿಕೊಂಡೇ ಬರೀತೀನಿ, ಕೇಳಿಸ್ಕೋ, ನೀನು ರಾಚಮ್ಮನಿಗೆ ಹೇಳಿದ ಹಾಗೇ ಇದೆಯಾ ನೋಡು.

ಅಭ್ಯರ್ಥಿಯ ಹೆಸರು: ಚಿಕ್ಕನಂಜಯ್ಯ ಬಿನ್ ಲೇಟ್ ಮಾದಯ್ಯ.